ಹಿಂದೆ ಬರುವ ಗಾಡಿ



ಅಮಾವಾಸ್ಯೆಯ ದಿನ ಬೆಳ್ಳೂರು ಕ್ರಾಸಿನಲ್ಲಿ ಅರ್ಧ ಗಂಟೆ ನಿಂತು ನೋಡಿ. ಆದಿಚುಂಚನಗಿರಿಯ ಕಾಲಭೈರವೇಶ್ವರನ ಪೂಜೆಗೆ ಹೊರಟವರ ಬಸ್ಸು, ಕಾರು, ಬೈಕುಗಳ ನಡುವೆ ಟ್ರ್ಯಾಕ್ಟರುಗಳೂ ಇರುತ್ತವೆ. ಕೆಲವಕ್ಕೆ ದೊಡ್ಡ ಟ್ರೇಲರ್, ಕೆಲವಕ್ಕೆ ಚಿಕ್ಕದು. ಒಂದರಲ್ಲಿ ರಾಗಿ ಹುಲ್ಲು, ಒಂದರಲ್ಲಿ ಇಟ್ಟಿಗೆ, ಒಂದರಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಮನೆಮಂದಿಯೆಲ್ಲ. ನಡೆಸುತ್ತಿರುವವನ ಮುಖ ನೋಡಿದರೆ ಇನ್ನೂ ಮೀಸೆ ಚಿಗುರಿರುವುದಿಲ್ಲ. ಫಾಲ್ಗುಣದ ಜಾತ್ರೆಯ ಹೊತ್ತಿಗೆ ಈ ಸಾಲು ಇನ್ನೂ ಉದ್ದವಾಗುತ್ತದೆ.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಚಿಕ್ಕ ಟ್ರೇಲರಿನ ಬಗ್ಗೆ, ಮತ್ತು ಅದನ್ನು ಮೊದಲ ಸಲ ಕಟ್ಟಿಕೊಂಡು ರಸ್ತೆಗೆ ಇಳಿಯುವವರ ಬಗ್ಗೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು, ಸಾಲ ಮಾಡಿ ಮಿನಿ ಟ್ರ್ಯಾಕ್ಟರನ್ನೋ ಪವರ್ ಟಿಲ್ಲರನ್ನೋ ತಂದ ಹುಡುಗರು ನಮ್ಮ ಸುತ್ತಮುತ್ತ ಬಹಳ ಮಂದಿ ಇದ್ದಾರೆ. ಅವರಿಗೆ ಉಳುವುದನ್ನು ಹೇಳಿಕೊಡುವವರು ಸಿಗುತ್ತಾರೆ. ಷೋರೂಮಿನವರು ಎಣ್ಣೆ ಬದಲಾಯಿಸುವುದನ್ನು ಹೇಳಿಕೊಡುತ್ತಾರೆ. ಟ್ರೇಲರ್ ಕಟ್ಟಿಕೊಂಡು ಹೋಗುವುದನ್ನು ಮಾತ್ರ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಅದು ತಾನೇ ಬರುತ್ತದೆ ಎಂದುಕೊಂಡಿದ್ದೇವೆ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ನನಗೆ ಆಗ ಇಪ್ಪತ್ತೆರಡು ವರ್ಷ. ಸಂಜೆ ಹೊತ್ತು, ಟ್ರೇಲರಿನಲ್ಲಿ ಹನ್ನೆರಡು ಮೂಟೆ ಗೊಬ್ಬರ. ಹುಕ್ಕಿಗೆ ಪಿನ್ನು ಹಾಕಿದ್ದೆ, ಪಿನ್ನಿನ ತಳಕ್ಕೆ ಹಾಕುವ ಕ್ಲಿಪ್ಪು ಕಳೆದುಹೋಗಿ ತಿಂಗಳಾಗಿತ್ತು. ಬೈಂಡಿಂಗ್ ತಂತಿ ಸುತ್ತಿದ್ದೆ, ಅಷ್ಟೆ. ಊರ ಮುಂದಿನ ಇಳಿಜಾರಿನಲ್ಲಿ ಒಂದು ರಸ್ತೆ ಉಬ್ಬು. ಟ್ರ್ಯಾಕ್ಟರ್ ಹಾರಿ ಇಳಿಯಿತು, ಹಿಂದೆಯೇ ಟ್ರೇಲರೂ ಹಾರಿತು. ತಂತಿ ಕಡಿದು ಪಿನ್ನು ಮೇಲೆದ್ದಿತು. ನಾನು ಮುಂದೆ ಹೋಗುತ್ತಲೇ ಇದ್ದೆ. ಭಾರ ಕಡಿಮೆಯಾದ ಹಾಗೆ ಎಂಜಿನ್ನಿನ ಸದ್ದು ಹಗುರಾದಾಗಲೇ ಹಿಂತಿರುಗಿ ನೋಡಿದ್ದು. ಟ್ರೇಲರ್ ರಸ್ತೆ ಬಿಟ್ಟು, ಬದು ಹಾರಿ, ರಾಗಿ ಹೊಲದ ನಡುವೆ ಮೂತಿ ಊರಿ ನಿಂತಿತ್ತು. ಅದಕ್ಕಿಂತ ಎರಡು ನಿಮಿಷ ಮುಂಚೆ ಅದೇ ಬದುವಿನ ಮೇಲೆ ಮೂವರು ಹೆಣ್ಣುಮಕ್ಕಳು ಕುರಿ ಹೊಡೆದುಕೊಂಡು ಹೋಗಿದ್ದರು. ಆ ಎರಡು ನಿಮಿಷವನ್ನು ನಾನು ಇವತ್ತಿಗೂ ಮರೆತಿಲ್ಲ. ಆ ಕ್ಲಿಪ್ಪಿನ ಬೆಲೆ ಒಂದು ಕಪ್ ಕಾಫಿಯಷ್ಟೂ ಇರಲಿಲ್ಲ.

ಮರುದಿನ ಟ್ರೇಲರ್ ಎಳೆಯಲು ಬಂದ ನಮ್ಮ ದೊಡ್ಡಪ್ಪ ನನ್ನನ್ನು ಬಯ್ಯಲಿಲ್ಲ. ಟ್ರೇಲರಿನ ಮೂತಿ ಹಿಡಿದು ಎತ್ತಿ ನೋಡಿದರು. ಅದು ಹಗುರವಾಗಿ ಮೇಲಕ್ಕೆ ಬಂತು. "ಲೋ ಮಗ, ಮೂಟೆನೆಲ್ಲ ಹಿಂದ್ಗಡೆ ಪೇರ್ಸಿದ್ದೀಯಲ್ಲೋ. ಮೂಕಿ ಮ್ಯಾಲೆ ವಸಿನಾದ್ರೂ ಭಾರ ಬ್ಯಾಡ್ವಾ?" ಅಂದರು. ಅವರು ಜೀವಮಾನವೆಲ್ಲ ಎತ್ತಿನ ಗಾಡಿ ಹೊಡೆದವರು. ಹೇಮಗಿರಿ ಜಾತ್ರೆಗೂ ಬೇಬಿ ಬೆಟ್ಟದ ಜಾತ್ರೆಗೂ ಗಾಡಿ ಕಟ್ಟಿಕೊಂಡು ಹೋಗಿಬಂದವರು. ಟ್ರ್ಯಾಕ್ಟರಿನ ಮೇಲೆ ಒಂದು ದಿನವೂ ಕೂತವರಲ್ಲ. ಆದರೆ ಟ್ರೇಲರಿನ ಬಗ್ಗೆ ನಾನು ಕೇಳಿದ ಮೊದಲ ಸರಿಯಾದ ಮಾತು ಅವರದು.

ಎತ್ತಿನ ಗಾಡಿ ಹೂಡಿದವರಿಗೆ ಇದು ಗೊತ್ತು. ಭಾರ ಹಿಂದಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿದು ಉಸಿರು ಕಟ್ಟುತ್ತದೆ. ಭಾರ ಮುಂದಾದರೆ ನೊಗ ಎತ್ತಿನ ಹೆಗಲನ್ನು ಅದುಮುತ್ತದೆ. ಅದಕ್ಕೇ ಹೇರು ಹೇರುವವನು ಅಚ್ಚಿಗಿಂತ ಸ್ವಲ್ಪ ಮುಂದಕ್ಕೆ ಭಾರ ಬರುವ ಹಾಗೆ ನೋಡಿಕೊಳ್ಳುತ್ತಿದ್ದ. ಎರಡು ಚಕ್ರದ ಟ್ರೇಲರಿಗೂ ಇದೇ ಲೆಕ್ಕ. ಚಕ್ರದ ಅಚ್ಚಿಗಿಂತ ಮುಂದಿನ ಭಾಗದಲ್ಲಿ ಸ್ವಲ್ಪ ಹೆಚ್ಚು ಭಾರ, ಹಿಂದಿನ ಭಾಗದಲ್ಲಿ ಸ್ವಲ್ಪ ಕಡಿಮೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕಡೆಯವರು ಮನೆ ಬದಲಾಯಿಸುವಾಗ ಕಾರಿನ ಹಿಂದೆ ಬಾಡಿಗೆ ಟ್ರೇಲರ್ ಕಟ್ಟಿಕೊಳ್ಳುತ್ತಾರೆ. ಅಲ್ಲಿ ಬಾಡಿಗೆಗೆ ಕೊಡುವ ಯು-ಹಾಲ್ ಕಂಪನಿಯೂ ಹೇಳುವುದು ಇದನ್ನೇ: ನೂರರಲ್ಲಿ ಅರವತ್ತು ಪಾಲು ಭಾರ ಟ್ರೇಲರಿನ ಮುಂಭಾಗದಲ್ಲಿರಲಿ. ನಮ್ಮ ದೊಡ್ಡಪ್ಪ ಮೂತಿ ಎತ್ತಿ ನೋಡಿ ತಿಳಿದದ್ದನ್ನು ಅವರು ಅಂಕಿಯಲ್ಲಿ ಹೇಳಿದ್ದಾರೆ.

ಭಾರ ಹಿಂದಾದರೆ ಏನಾಗುತ್ತದೆ? ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಮೊದಲು ಒಂದು ಗೇಣು, ಆಮೇಲೆ ಒಂದು ಮೊಳ, ಆಮೇಲೆ ರಸ್ತೆಯ ಆ ಅಂಚಿನಿಂದ ಈ ಅಂಚಿಗೆ. ಜತೆಗೆ ಅದು ಹುಕ್ಕನ್ನು ಮೇಲಕ್ಕೆತ್ತುತ್ತದೆ, ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಹಾಗೆ ಓಲಾಡತೊಡಗಿದಾಗ ಹೊಸಬರು ಗಾಬರಿಯಾಗಿ ಬ್ರೇಕ್ ಒತ್ತುತ್ತಾರೆ, ಸ್ಟಿಯರಿಂಗನ್ನು ಆ ಕಡೆ ಈ ಕಡೆ ಎಳೆಯುತ್ತಾರೆ. ಎರಡೂ ತಪ್ಪು. ಸ್ಟಿಯರಿಂಗನ್ನು ನೇರ ಹಿಡಿದು ಆಕ್ಸಿಲರೇಟರ್ ಇಳಿಸಬೇಕು, ಗಾಡಿ ತಾನಾಗಿ ನಿಧಾನವಾಗಲು ಬಿಡಬೇಕು. ಆಮೇಲೆ ಪಕ್ಕಕ್ಕೆ ನಿಲ್ಲಿಸಿ, ಎಷ್ಟೇ ಹೊತ್ತಾಗಲಿ, ಹೇರನ್ನು ಮುಂದಕ್ಕೆ ಸರಿಸಬೇಕು. ಮೂಟೆ, ಸಿಮೆಂಟು, ಇಟ್ಟಿಗೆಯಾದರೆ ಕೆಳಗೆ ಹರಡಿ, ಎತ್ತರಕ್ಕೆ ಪೇರಿಸಬೇಡಿ. ಹಗ್ಗ ಬಿಗಿದರೂ ಎರಡು ಮೈಲಿ ಹೋದ ಮೇಲೆ ಒಮ್ಮೆ ನಿಲ್ಲಿಸಿ ನೋಡಿ, ಸಡಿಲವಾಗಿರುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹೊಸದಾಗಿ ಟ್ರೇಲರ್ ಕಟ್ಟಿದವನು, ನನ್ನ ಟ್ರ್ಯಾಕ್ಟರ್ ಇಷ್ಟು ಭಾರ ಎಳೆಯುತ್ತದಾ ಎಂದು ಕೇಳುತ್ತಾನೆ. ಎಳೆಯುತ್ತದೆ, ಅದರಲ್ಲಿ ಅನುಮಾನ ಬೇಡ. ಅವನು ಕೇಳಬೇಕಾದದ್ದು, ಇಷ್ಟು ಭಾರವನ್ನು ನನ್ನ ಟ್ರ್ಯಾಕ್ಟರ್ ತಡೆದು ನಿಲ್ಲಿಸುತ್ತದಾ ಎಂದು. ನಮ್ಮಲ್ಲಿ ಓಡಾಡುವ ಟ್ರೇಲರುಗಳಲ್ಲಿ ಹೆಚ್ಚಿನವಕ್ಕೆ ಬ್ರೇಕೇ ಇಲ್ಲ. ಎರಡು ಟನ್ ತೂಗುವ ಟ್ರ್ಯಾಕ್ಟರಿನ ಹಿಂದೆ ಹೇರೂ ಸೇರಿ ಆರು ಟನ್ ತೂಗುವ ಕಬ್ಬಿನ ಟ್ರೇಲರ್ ಇದ್ದರೆ, ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರಗಳ ಬ್ರೇಕು ಎಂಟು ಟನ್ನನ್ನು ನಿಲ್ಲಿಸಬೇಕು. ನೀವು ಬ್ರೇಕ್ ಒತ್ತಿದಾಗ ಟ್ರ್ಯಾಕ್ಟರ್ ನಿಲ್ಲಲು ನೋಡುತ್ತದೆ, ಟ್ರೇಲರ್ ನಿಲ್ಲುವುದಿಲ್ಲ, ಅದು ಹಿಂದಿನಿಂದ ನೂಕುತ್ತದೆ. ನೇರ ರಸ್ತೆಯಲ್ಲಿ ನೂಕಿದರೆ ನಾಲ್ಕು ಮಾರು ಹೆಚ್ಚು ಹೋಗಿ ನಿಲ್ಲುತ್ತೀರಿ. ತಿರುವಿನಲ್ಲಿ ನೂಕಿದರೆ ಟ್ರ್ಯಾಕ್ಟರಿನ ಹಿಂಭಾಗವನ್ನೇ ಪಕ್ಕಕ್ಕೆ ತಳ್ಳಿ, ಮಡಚುವ ಚಾಕುವಿನ ಹಾಗೆ ಎರಡನ್ನೂ ಮಡಚಿ ಹಾಕುತ್ತದೆ.

ಗಂಟೆಗೆ 20 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಐದೂವರೆ ಮೀಟರ್. ನಾಯಿ ಅಡ್ಡ ಬಂದದ್ದನ್ನು ಕಂಡು ನಿಮ್ಮ ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತೀರಿ. 40ರ ವೇಗದಲ್ಲಿ ಅದು ಹನ್ನೊಂದು ಮೀಟರ್ ಆಗುತ್ತದೆ. ಬ್ರೇಕ್ ಹಿಡಿದ ಮೇಲೆ ಓಡುವ ದೂರವಾದರೋ ಎರಡರಷ್ಟಲ್ಲ, ನಾಲ್ಕರಷ್ಟು. ಆದ್ದರಿಂದ ಹೇರು ತುಂಬಿದ ಟ್ರೇಲರ್ ಹಿಂದಿದ್ದರೆ ಖಾಲಿ ಟ್ರ್ಯಾಕ್ಟರಿನ ಅರ್ಧ ವೇಗ ಸಾಕು. ಹಿಂದಿನವರು ಹಾರನ್ ಹೊಡೆಯಲಿ, ಹೊಡೆಯುತ್ತಾರೆ. ಜಾಗ ಸಿಕ್ಕಲ್ಲಿ ಪಕ್ಕಕ್ಕೆ ಸರಿದು ಅವರನ್ನು ಮುಂದೆ ಹೋಗಲು ಬಿಡಿ.

ಬ್ರೇಕಿನ ವಿಷಯದಲ್ಲೇ ಇನ್ನೊಂದು. ಟ್ರ್ಯಾಕ್ಟರಿಗೆ ಬ್ರೇಕ್ ಪೆಡಲು ಎರಡು, ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು. ಹೊಲದಲ್ಲಿ ಉಳುವಾಗ ಸಾಲಿನ ತುದಿಯಲ್ಲಿ ಗಕ್ಕನೆ ತಿರುಗಿಸಲು ಒಂದೊಂದನ್ನೇ ಒತ್ತಬೇಕಾಗುತ್ತದೆ, ಅದಕ್ಕಾಗಿ ಬೇರೆ ಬೇರೆ. ರಸ್ತೆಗೆ ಬಂದಾಗ ಎರಡನ್ನೂ ಸೇರಿಸುವ ಒಂದು ಲಾಕ್ ಇದೆ. ಹೊಲದಿಂದ ರಸ್ತೆಗೆ ಹತ್ತುವ ಮೊದಲು ಅದನ್ನು ಹಾಕಲೇಬೇಕು. ಅದನ್ನು ಹಾಕದೆ, ವೇಗದಲ್ಲಿ ಒಂದೇ ಪೆಡಲ್ ಒತ್ತಿದರೆ ಒಂದು ಚಕ್ರ ಹಿಡಿದು, ಇನ್ನೊಂದು ಓಡಿ, ಟ್ರ್ಯಾಕ್ಟರ್ ಹಿಡಿದ ಚಕ್ರದ ಕಡೆಗೆ ಗಕ್ಕನೆ ತಿರುಗುತ್ತದೆ. ಹಿಂದೆ ಟ್ರೇಲರ್ ಇದ್ದರೆ ಮಗುಚುತ್ತದೆ. ನಾನು ನೋಡಿದ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಆ ಲಾಕ್ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ಎರಡು ಹನಿ ಎಣ್ಣೆ ಬಿಟ್ಟು ಅದನ್ನು ಬಿಡಿಸಿ.

ಇಳಿಜಾರಿನ ವಿಚಾರ ಹೇಳದಿದ್ದರೆ ಈ ಮಾತು ಪೂರ್ತಿಯಾಗುವುದಿಲ್ಲ. ಶ್ರೀರಂಗಪಟ್ಟಣದ ಗದ್ದೆ ಬಯಲಿನವರಿಗೆ ಇದರ ಕಷ್ಟ ಅಷ್ಟಾಗಿ ಗೊತ್ತಿಲ್ಲ. ನಾಗಮಂಗಲದ ಏರುತಗ್ಗಿನವರಿಗೆ, ಮೇಲುಕೋಟೆ ಬೆಟ್ಟ ಹತ್ತಿ ಇಳಿಯುವವರಿಗೆ ಗೊತ್ತು. ಅಲ್ಲಿನ ವೈರಮುಡಿ ಉತ್ಸವಕ್ಕೆ ಪಾತ್ರೆ ಪಡಗ, ಸೌದೆ, ನೀರಿನ ಡ್ರಮ್ಮು ಏರಿಸಿಕೊಂಡು ಹೋಗಿ, ವಾಪಸ್ಸು ಜಕ್ಕನಹಳ್ಳಿ ಕಡೆಗೆ ಇಳಿಯುವಾಗ ಕೆಲವರು ಡೀಸೆಲ್ ಉಳಿಯಲಿ ಎಂದು ನ್ಯೂಟ್ರಲ್ಲಿಗೆ ಹಾಕಿ ಬಿಡುತ್ತಾರೆ. ಇದರಷ್ಟು ಕೆಟ್ಟ ಅಭ್ಯಾಸ ಇನ್ನೊಂದಿಲ್ಲ. ಗೇರಿನಲ್ಲಿದ್ದಾಗ ಎಂಜಿನ್ನೇ ಚಕ್ರಗಳನ್ನು ಹಿಡಿದುಕೊಂಡಿರುತ್ತದೆ. ನ್ಯೂಟ್ರಲ್ ಮಾಡಿದ ಕೂಡಲೇ ಆ ಹಿಡಿತ ಹೋಯಿತು, ಉಳಿದದ್ದು ಬ್ರೇಕ್ ಮಾತ್ರ. ಅದು ಕಾದು ಕಾದು ಕೆಳಗೆ ಬರುವಷ್ಟರಲ್ಲಿ ಹಿಡಿಯದಂತಾಗುತ್ತದೆ. ಕ್ಲಚ್ ಒತ್ತಿಕೊಂಡು ಇಳಿಯುವುದೂ ಒಂದೇ, ನ್ಯೂಟ್ರಲ್ ಮಾಡುವುದೂ ಒಂದೇ. ಇನ್ನು ಅರ್ಧ ದಾರಿಯಲ್ಲಿ ವೇಗ ಹೆಚ್ಚಾಯಿತೆಂದು ಗೇರ್ ಇಳಿಸಲು ಹೋದರೆ, ನಮ್ಮ ಬಹಳಷ್ಟು ಟ್ರ್ಯಾಕ್ಟರುಗಳ ಗೇರುಗಳು ಕಾರಿನ ಗೇರಿನ ಹಾಗೆ ಓಡುತ್ತಿರುವಾಗ ಸಲೀಸಾಗಿ ಕೂರುವುದಿಲ್ಲ. ಗೇರ್ ಬಿಟ್ಟುಬಂದು ಮತ್ತೆ ಕೂರದೆ ಹಲ್ಲು ಕಚ್ಚುವ ಸದ್ದು ಮಾಡುತ್ತದೆ, ಅಷ್ಟರಲ್ಲಿ ಗಾಡಿ ನಿಮ್ಮ ಕೈ ಮೀರಿರುತ್ತದೆ. ಆದ್ದರಿಂದ ಇಳಿಜಾರಿನ ತಲೆಯಲ್ಲೇ ನಿಲ್ಲಿಸಿ, ಹತ್ತಲು ಯಾವ ಗೇರ್ ಬೇಕಾಗಿತ್ತೋ ಅದೇ ಗೇರಿಗೆ ಹಾಕಿ, ಅದರಲ್ಲೇ ಪೂರ್ತಿ ಇಳಿಯಿರಿ.

ಪವರ್ ಟಿಲ್ಲರಿಗೆ ಟ್ರೇಲರ್ ಕಟ್ಟುವವರು ಇದನ್ನು ಇನ್ನೂ ಗಮನವಿಟ್ಟು ಕೇಳಬೇಕು. ಟಿಲ್ಲರಿನ ಹಿಡಿಗಳ ಕೆಳಗೆ ಎರಡು ಲಿವರ್ ಇರುತ್ತವೆ. ಎಡಗಡೆಯದನ್ನು ಹಿಡಿದರೆ ಎಡ ಚಕ್ರಕ್ಕೆ ಎಂಜಿನ್ನಿನ ಸಂಬಂಧ ತಪ್ಪುತ್ತದೆ, ಬಲ ಚಕ್ರ ಓಡುತ್ತದೆ, ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಗದ್ದೆಯಲ್ಲೂ ಮಟ್ಟದ ರಸ್ತೆಯಲ್ಲೂ ಹೀಗೆ. ಆದರೆ ಇಳಿಜಾರಿನಲ್ಲಿ ಟ್ರೇಲರ್ ಹಿಂದಿನಿಂದ ನೂಕುತ್ತಿರುವಾಗ ಎಂಜಿನ್ ಚಕ್ರಗಳನ್ನು ಓಡಿಸುತ್ತಿರುವುದಿಲ್ಲ, ತಡೆಯುತ್ತಿರುತ್ತದೆ. ಆಗ ಎಡ ಲಿವರ್ ಹಿಡಿದರೆ ಎಡ ಚಕ್ರ ತಡೆ ತಪ್ಪಿ ಓಡುತ್ತದೆ, ಬಲ ಚಕ್ರ ಹಿಡಿದುಕೊಂಡಿರುತ್ತದೆ, ಟಿಲ್ಲರ್ ಬಲಕ್ಕೆ ತಿರುಗುತ್ತದೆ. ಎಡಕ್ಕೆ ಹೋಗಬೇಕೆಂದವನು ಬಲಕ್ಕೆ ಹೋಗುತ್ತಾನೆ. ಬಲಕ್ಕೆ ಬಂತೆಂದು ಗಾಬರಿಯಿಂದ ಎಡ ಲಿವರನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾನೆ. ಬಲಗಡೆ ನಾಲೆ ಇದ್ದರೆ ಮುಗಿಯಿತು. ಇಳಿಜಾರಿನಲ್ಲಿ ಆ ಲಿವರುಗಳನ್ನು ಮುಟ್ಟಲೇಬೇಡಿ. ಚಿಕ್ಕ ಗೇರಿನಲ್ಲಿ, ಟ್ರೇಲರಿನ ಕಾಲು ಬ್ರೇಕನ್ನು ಆಗಾಗ ಮೆಲ್ಲಗೆ ಹಿಡಿದು ಬಿಡುತ್ತಾ, ಹಿಡಿಯನ್ನು ಕೈಯಿಂದಲೇ ತಿರುಗಿಸಿಕೊಂಡು ಇಳಿಯಿರಿ. ಆ ಕಾಲು ಬ್ರೇಕ್ ಕೆಲಸ ಮಾಡದ ಟಿಲ್ಲರ್ ಟ್ರೇಲರನ್ನು ರಸ್ತೆಗೆ ತರಲೇಬಾರದು.

ನಾಲೆ ಅಂದೆ. ನಮ್ಮ ಮಂಡ್ಯ ಜಿಲ್ಲೆಗೆ ಅನ್ನ ಕೊಟ್ಟದ್ದು ವಿಶ್ವೇಶ್ವರಯ್ಯ ನಾಲೆ. ಅದರ ಏರಿಯ ಮೇಲೆ ಹೋಗುವ ರಸ್ತೆಗಳೇ ಎಷ್ಟೋ ಊರುಗಳಿಗೆ ದಾರಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ಈ ನಾಲೆಗೆ ಬಿದ್ದು 30 ಜನ ತೀರಿಕೊಂಡರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಅದು ಬಸ್ಸು, ಟ್ರೇಲರಲ್ಲ. ಆದರೂ ನಾಲೆ ಏರಿಯ ಮೇಲೆ ಚಕ್ರ ಒಂದು ಗಜ ಆಚೆ ಹೋದರೆ ಏನಾಗುತ್ತದೆಂಬುದನ್ನು ಆ ದಿನ ನಾವೆಲ್ಲ ಕಂಡೆವು. ಹಿಂದೆ ಕಟ್ಟಿದ ಟ್ರೇಲರ್ ತಿರುವಿನಲ್ಲಿ ಟ್ರ್ಯಾಕ್ಟರ್ ಹೋದ ದಾರಿಯಲ್ಲೇ ಬರುವುದಿಲ್ಲ, ಒಳಗಡೆಗೆ ಅಡ್ಡದಾರಿ ಹಿಡಿಯುತ್ತದೆ. ಟ್ರ್ಯಾಕ್ಟರಿನ ಚಕ್ರ ಡಾಂಬರಿನ ಮೇಲಿದ್ದರೂ ಟ್ರೇಲರಿನ ಚಕ್ರ ಏರಿಯ ಸಡಿಲ ಮಣ್ಣಿನ ಮೇಲಿರುತ್ತದೆ. ಅದಕ್ಕೇ ತಿರುವನ್ನು ಅಗಲವಾಗಿ ತೆಗೆದುಕೊಳ್ಳಿ. ಎದುರಿಗೆ ಗಾಡಿ ಬಂದರೆ ನಾಲೆ ಬದಿಗೆ ಸರಿಯಬೇಡಿ, ನಿಲ್ಲಿಸಿ, ಅವರು ದಾಟಲಿ.

ಈ ಮಾತನ್ನು ಹೇಳುವಾಗ ನನಗೆ ಇನ್ನೆರಡು ದಿನಗಳ ನೆನಪಾಗುತ್ತದೆ. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರದ ಘಾಟಂಪುರದಲ್ಲಿ, ದೇವಿಯ ದರ್ಶನ ಮುಗಿಸಿ ವಾಪಸ್ಸಾಗುತ್ತಿದ್ದವರ ಟ್ರ್ಯಾಕ್ಟರ್ ಟ್ರೇಲರ್ ಕೆರೆಗೆ ಮಗುಚಿ 26 ಜನ ಸತ್ತರು. 2024ರ ಫೆಬ್ರವರಿ 24ರಂದು ಅದೇ ರಾಜ್ಯದ ಕಾಸ್‌ಗಂಜ್‌ನಲ್ಲಿ, ಮಾಘ ಹುಣ್ಣಿಮೆಯ ಗಂಗಾಸ್ನಾನಕ್ಕೆ ಹೊರಟವರ ಟ್ರೇಲರ್ ಕೆರೆಗೆ ಬಿದ್ದು 20ಕ್ಕೂ ಹೆಚ್ಚು ಜನ ಹೋದರು. ಬಹುಪಾಲು ಹೆಂಗಸರು, ಮಕ್ಕಳು. ಎರಡು ಸಲವೂ ದೇವರ ಕಾರ್ಯ, ಎರಡು ಸಲವೂ ಹೇರು ಹೇರುವ ಟ್ರೇಲರಿನಲ್ಲಿ ಮನುಷ್ಯರು. ಟ್ರೇಲರಿನಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ, ಮಗುಚಿದರೆ ಅದರ ತೊಟ್ಟಿ ಮುಚ್ಚಳದ ಹಾಗೆ ಮೇಲೆ ಕವುಚಿಕೊಳ್ಳುತ್ತದೆ. ಮೂಟೆಗಳು ಒಂದು ಕಡೆ ಕೂತರೆ ಕೂತ ಕಡೆಯೇ ಇರುತ್ತವೆ. ಮನುಷ್ಯರು ತಿರುವಿನಲ್ಲಿ ಒಟ್ಟಿಗೆ ಒಂದು ಬದಿಗೆ ವಾಲುತ್ತಾರೆ, ಆ ವಾಲುವಿಕೆಯೇ ಟ್ರೇಲರನ್ನು ಉರುಳಿಸುತ್ತದೆ. ವ್ಯವಸಾಯಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂತವರಿಗೆ ಆ ವಿಮೆಯ ರಕ್ಷಣೆಯೂ ಇರುವುದಿಲ್ಲ. ಚುಂಚನಗಿರಿ ಜಾತ್ರೆಗಾಗಲಿ, ಮೇಲುಕೋಟೆಗಾಗಲಿ, ಬೀಗರ ಊಟಕ್ಕಾಗಲಿ ಬಸ್ಸಿನಲ್ಲಿ ಹೋಗೋಣ. ಟ್ರೇಲರಿನಲ್ಲಿ ಅಕ್ಕಿ, ಬೇಳೆ, ಪಾತ್ರೆ ಹೋಗಲಿ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಿಕೊಳ್ಳುವುದು, ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಿನ ಕಬ್ಬಿಣದ ಮೇಲೆ ಆಳು ನಿಲ್ಲುವುದು ಇವೂ ನಿಲ್ಲಬೇಕು. ಅಲ್ಲಿಂದ ಜಾರಿದವನು ನೇರ ಟ್ರೇಲರಿನ ಚಕ್ರದ ಕೆಳಕ್ಕೇ ಹೋಗುತ್ತಾನೆ.

ಹಿಂದಕ್ಕೆ ತೆಗೆಯುವುದನ್ನು ಕಲಿಯುವ ಬಗ್ಗೆ ಹೇಳುತ್ತೇನೆ, ಏಕೆಂದರೆ ಎಲ್ಲ ಹೊಸಬರೂ ಹೆದರುವುದು ಇದಕ್ಕೇ. ರಿವರ್ಸಿನಲ್ಲಿ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗುತ್ತದೆ. ಎಡಕ್ಕೆ ತಿರುಗಿಸಿದರೆ ಬಲಕ್ಕೆ. ತಲೆಯಲ್ಲಿ ಲೆಕ್ಕ ಹಾಕುತ್ತಾ ಕೂತರೆ ಆಗುವುದಿಲ್ಲ. ಒಂದು ಉಪಾಯವಿದೆ. ಸ್ಟಿಯರಿಂಗಿನ ತಳಭಾಗವನ್ನು, ನಿಮ್ಮ ಹೊಟ್ಟೆಯ ಹತ್ತಿರ ಇರುವ ಕಡೆಯನ್ನು, ಒಂದು ಕೈಯಲ್ಲಿ ಹಿಡಿಯಿರಿ. ಈಗ ಟ್ರೇಲರ್ ಎಡಕ್ಕೆ ಹೋಗಬೇಕೆಂದರೆ ಆ ಕೈಯನ್ನು ಎಡಕ್ಕೆ ಸರಿಸಿ, ಬಲಕ್ಕೆ ಹೋಗಬೇಕೆಂದರೆ ಬಲಕ್ಕೆ. ಅಷ್ಟೆ. ಇದನ್ನು ಹೇಳಿಕೊಟ್ಟ ಮೇಲೆ ನಮ್ಮ ಪಕ್ಕದ ಮನೆಯ ಹುಡುಗ ಅರ್ಧ ದಿನದಲ್ಲಿ ಕಲಿತ. ಚಿಕ್ಕ ಟ್ರೇಲರ್ ಸುಲಭ ಎಂದುಕೊಳ್ಳುವುದು ಮಾತ್ರ ತಪ್ಪು. ಹುಕ್ಕಿನಿಂದ ಚಕ್ರದವರೆಗಿನ ದೂರ ಕಡಿಮೆಯಾದಷ್ಟೂ ಟ್ರೇಲರ್ ಬೇಗ ತಿರುಗುತ್ತದೆ, ಬೇಗ ಮಡಚಿಕೊಳ್ಳುತ್ತದೆ. ಉದ್ದನೆಯದು ನಿಧಾನವಾಗಿ ತಿರುಗುವುದರಿಂದ ತಪ್ಪು ತಿದ್ದಿಕೊಳ್ಳಲು ಹೊತ್ತು ಕೊಡುತ್ತದೆ. ಚಿಕ್ಕದಕ್ಕೆ ಸ್ಟಿಯರಿಂಗನ್ನು ಚೂರೇ ಚೂರು ಅಲುಗಿಸಿ, ಟ್ರೇಲರ್ ತಿರುಗಲು ಶುರುವಾದ ಕೂಡಲೇ ಹಿಂತಿರುಗಿಸಿ. ಮಡಚಿಕೊಳ್ಳುತ್ತಿದೆ ಅನ್ನಿಸಿದರೆ ಹಟ ಹಿಡಿಯಬೇಡಿ, ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಶುರು ಮಾಡಿ. ಮೂವತ್ತು ವರ್ಷ ನಡೆಸಿದವರೂ ಹಾಗೇ ಮಾಡುತ್ತಾರೆ.

ಕಲಿಯುವ ಜಾಗ ರಸ್ತೆಯಲ್ಲ. ಕುಯ್ಲಾದ ಹೊಲ, ಊರಾಚೆಯ ಕಣ, ಬಯಲು. ಖಾಲಿ ಟ್ರೇಲರ್ ಕಟ್ಟಿ, ಆಲೆಮನೆ ಬಾಗಿಲಿನಷ್ಟು ಅಗಲಕ್ಕೆ ಎರಡು ಹುಲ್ಲಿನ ಕಂತೆ ಇಟ್ಟುಕೊಂಡು ಅದರ ನಡುವೆ ಹಿಂದಕ್ಕೆ ತೆಗೆಯಿರಿ. ಕಂತೆಗೆ ತಾಗಿದರೆ ಯಾರಿಗೂ ನಷ್ಟವಿಲ್ಲ. ಆಲೆಮನೆಯ ಅಂಗಳದಲ್ಲಿ, ಕೊಪ್ಪರಿಗೆ ಕುದಿಯುತ್ತಿರುವಲ್ಲಿ, ಹತ್ತು ಜನ ಓಡಾಡುವ ಕಡೆ ಮೊದಲ ಸಲ ಕಲಿಯಲು ಹೋಗಬಾರದು. ಹಿಂದೆ ನೋಡಿ ಹೇಳುವವರು ಒಬ್ಬರೇ ಇರಲಿ, ನಿಮ್ಮ ಕಣ್ಣಿಗೆ ಕಾಣುವ ಹಾಗೆ ಪಕ್ಕದಲ್ಲಿ ನಿಂತಿರಲಿ. ಅವರು ಕಣ್ಮರೆಯಾದ ಕೂಡಲೇ ನಿಲ್ಲಿಸಿ.

ಹುಕ್ಕಿನ ವಿಚಾರ ಎರಡು ಮಾತು ಬಾಕಿ ಇದೆ. ಟ್ರೇಲರನ್ನು ಅದಕ್ಕೆಂದೇ ಇರುವ ಕೆಳಗಿನ ಹುಕ್ಕಿಗೇ ಕಟ್ಟಬೇಕು. ಕೆಸರಿನಲ್ಲಿ ಹೂತಾಗ ಕೆಲವರು ಮೇಲಿನ ಕೊಂಡಿಗೆ ಸರಪಳಿ ಹಾಕಿ ಎಳೆಯುತ್ತಾರೆ. ಎಳೆತ ಹಿಂದಿನ ಅಚ್ಚಿಗಿಂತ ಮೇಲಾದರೆ ಟ್ರ್ಯಾಕ್ಟರಿನ ಮೂತಿ ಏಳುತ್ತದೆ, ಒಂದೆರಡು ಸೆಕೆಂಡಿನಲ್ಲಿ ಇಡೀ ಟ್ರ್ಯಾಕ್ಟರ್ ಹಿಂದಕ್ಕೆ ನಡೆಸುವವನ ಮೇಲೇ ಮಗುಚುತ್ತದೆ. ಕ್ಲಚ್ ಒತ್ತುವಷ್ಟು ಹೊತ್ತೂ ಸಿಗುವುದಿಲ್ಲ. ಎರಡನೆಯದು, ಪಿನ್ನು ದಪ್ಪಗಿರಬೇಕು, ತೂತಿಗೆ ಸರಿಹೊಂದಬೇಕು, ಅದರ ತಳಕ್ಕೆ ಕ್ಲಿಪ್ಪು ಇರಬೇಕು, ಅದರ ಮೇಲೊಂದು ಸರಪಳಿ ಟ್ರ್ಯಾಕ್ಟರಿಗೂ ಟ್ರೇಲರಿಗೂ ಇರಬೇಕು. ಪಿನ್ನು ಹೋದರೂ ಸರಪಳಿ ಹಿಡಿದುಕೊಳ್ಳುತ್ತದೆ. ಬಿಚ್ಚುವಾಗ ಮೊದಲು ಚಕ್ರಕ್ಕೆ ಕಲ್ಲು ಕೊಟ್ಟು, ಸ್ಟ್ಯಾಂಡ್ ಇಳಿಸಿ, ಆಮೇಲೆ ಪಿನ್ನು ಎಳೆಯಿರಿ. ಹಿಂದೆ ಭಾರ ಇರುವ ಟ್ರೇಲರಿನ ಪಿನ್ನು ಎಳೆದ ಕೂಡಲೇ ಮೂತಿ ಮೇಲಕ್ಕೆ ಹಾರುತ್ತದೆ, ಬಗ್ಗಿದವನ ಗಲ್ಲಕ್ಕೆ ಹೊಡೆಯುತ್ತದೆ. ಎತ್ತಿ ಸುರಿಯುವ ಟ್ರೇಲರಾದರೆ ಎತ್ತುವ ಮುನ್ನ ತಲೆಯ ಮೇಲೆ ಕರೆಂಟಿನ ತಂತಿ ಇದೆಯೇ ನೋಡಿ.

ಚಕ್ರಕ್ಕೆ ಕೊಟ್ಟ ಆ ಕಲ್ಲಿನ ಬಗ್ಗೆ ಒಂದು ಮಾತು. ದಾರಿಯಲ್ಲಿ ಕೆಟ್ಟು ನಿಂತ ಟ್ರೇಲರಿಗೆ ಕಲ್ಲು ಕೊಡುತ್ತೇವೆ, ರಿಪೇರಿಯಾದ ಮೇಲೆ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತೇವೆ. ರಾತ್ರಿ ಬೈಕಿನಲ್ಲಿ ಬರುವವನಿಗೆ ಅದು ಕಾಣುವುದಿಲ್ಲ. ಆ ಕಲ್ಲನ್ನು ಎತ್ತಿ ಬೇಲಿಗೆ ಹಾಕಲು ಅರ್ಧ ನಿಮಿಷ ಸಾಕು. ನಮ್ಮ ನಾಗಮಂಗಲದ ಕಡೆ ಸುಗ್ಗಿಯಲ್ಲಿ ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುತ್ತಾರೆ. ಆ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಟ್ರೇಲರ್ ಎಣ್ಣೆಯ ಮೇಲೆ ಜಾರಿದ ಹಾಗೆ ಪಕ್ಕಕ್ಕೆ ಹೋಗುತ್ತದೆ. ಹುಲ್ಲು ಕಂಡ ಕಡೆ ಅದರ ಮೇಲೆ ಹತ್ತುವ ಮೊದಲೇ ವೇಗ ತಗ್ಗಿಸಿ. ಒಕ್ಕಣೆ ಮಾಡುವವರಿಗೂ ನನ್ನ ಕೋರಿಕೆ, ಕಣ ಇದ್ದರೆ ಕಣದಲ್ಲಿ ಮಾಡಿ.

ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಮೈಷುಗರ್ ಕಡೆಗೆ, ಪಾಂಡವಪುರದ ಕಾರ್ಖಾನೆ ಕಡೆಗೆ, ಕೆ.ಆರ್. ಪೇಟೆಯ ಮಾಕವಳ್ಳಿ ಕಡೆಗೆ ರಾತ್ರಿಯಿಡೀ ಟ್ರೇಲರುಗಳು ಹೋಗುತ್ತವೆ. ಹೇರಿದ ಕಬ್ಬು ಹಿಂದಿನ ದೀಪ ಇದ್ದರೂ ಮುಚ್ಚಿಬಿಡುತ್ತದೆ. ಕಪ್ಪು ರಸ್ತೆಯಲ್ಲಿ ಕಪ್ಪು ಟ್ರೇಲರ್, ಹಿಂದಿನಿಂದ ಬಂದವನು ತಲೆಯ ಮಟ್ಟದಲ್ಲಿ ಕಬ್ಬಿನ ತುದಿಗೆ ಹೊಡೆದುಕೊಳ್ಳುತ್ತಾನೆ. ಹೊಳೆಯುವ ಕೆಂಪು ಪಟ್ಟಿಯನ್ನು ಟ್ರೇಲರಿನ ಹಿಂದಿನ ಅಂಚಿಗೂ, ಪಕ್ಕಗಳಲ್ಲೂ ಅಂಟಿಸಿ. ಅದರ ಮೇಲೆ ಕೂತ ಕೆಸರನ್ನು ವಾರಕ್ಕೊಮ್ಮೆ ಒರೆಸಿ. ಟ್ರ್ಯಾಕ್ಟರಿನಲ್ಲಿ ಹಾಡು ಜೋರಾಗಿ ಹಾಕಿಕೊಳ್ಳುವವರು, ಹಿಂದಿನ ಆಂಬುಲೆನ್ಸಿನ ಸದ್ದು ನಿಮಗೆ ಕೇಳುವಷ್ಟಾದರೂ ಸಣ್ಣಗೆ ಇಟ್ಟುಕೊಳ್ಳಿ. ನಮ್ಮ ಬೆಳ್ಳೂರು ಕ್ರಾಸಿನ ರಸ್ತೆ ಚುಂಚನಗಿರಿಯ ಮೆಡಿಕಲ್ ಕಾಲೇಜ್ ಆಸ್ಪತ್ರೆಗೆ ಹೋಗುವ ದಾರಿ, ಜೀವ ಹಿಡಿದುಕೊಂಡು ಹೋಗುವವರು ದಿನವೂ ಇಲ್ಲಿ ಹೋಗುತ್ತಾರೆ.

ಕಾನೂನಿನ ಮಾತು ಸ್ವಲ್ಪವೇ. ಟ್ರೇಲರಿಗೂ ಬೇರೆ ನೋಂದಣಿ ಬೇಕು, ವಿಮೆಯಲ್ಲಿ ಅದರ ಹೆಸರೂ ಇರಬೇಕು. ಹದಿನೆಂಟು ತುಂಬದವನ ಕೈಗೆ ಟ್ರ್ಯಾಕ್ಟರ್ ಕೊಟ್ಟು ಅಪರಾಧವಾದರೆ, 2019ರ ತಿದ್ದುಪಡಿಯ ಪ್ರಕಾರ ತಂದೆಗೋ ಮಾಲೀಕನಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಶ್ರೀರಂಗಪಟ್ಟಣದವರು ಇನ್ನೊಂದನ್ನು ನೆನಪಿಡಬೇಕು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ, ಟ್ರೇಲರ್ ಇದ್ದರೂ ಇಲ್ಲ, ಇಲ್ಲದಿದ್ದರೂ ಇಲ್ಲ. ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಸುತ್ತು ಎಂದು ಹಲವರಿಗೆ ಬೇಸರವಿದೆ. ನನಗೆ ಈ ನಿಯಮ ಸರಿ ಅನ್ನಿಸುತ್ತದೆ. ನೂರರ ವೇಗದಲ್ಲಿ ಬರುವ ಕಾರಿಗೂ ಇಪ್ಪತ್ತರಲ್ಲಿ ಹೋಗುವ ಕಬ್ಬಿನ ಟ್ರೇಲರಿಗೂ ಒಂದೇ ರಸ್ತೆಯಾಗಬಾರದು. ಸರ್ವೀಸ್ ರಸ್ತೆಯಲ್ಲಿ ದೀಪ, ಚರಂಡಿ ಸರಿಯಿರಬೇಕೆಂದು ಕೇಳುವ ಹಕ್ಕು ನಮಗಿದೆ, ಅದನ್ನು ಕೇಳೋಣ.

ಟ್ರ್ಯಾಕ್ಟರ್ ಕಲಿಸುವ ತಂದೆಯರಲ್ಲಿ, ಅಣ್ಣಂದಿರಲ್ಲಿ, ಮಾವಂದಿರಲ್ಲಿ ನನ್ನ ಬೇಡಿಕೆ ಒಂದೇ. ಹುಡುಗನಿಗೆ ಮೊದಲ ದಿನ ಓಡಿಸುವುದನ್ನು ಕಲಿಸಬೇಡಿ. ಅರ್ಧ ಹೇರು ತುಂಬಿ, ಬಯಲಿನಲ್ಲಿ, ನಿಲ್ಲಿಸುವುದನ್ನು ಕಲಿಸಿ. ಇಂಥ ಕಡೆ ನಿಲ್ಲಿಸು ಎಂದು ಗೆರೆ ಎಳೆದು, ಅವನು ಆ ಗೆರೆ ದಾಟಿ ಎಷ್ಟು ದೂರ ಹೋದ ಎಂಬುದನ್ನು ಅವನ ಕೈಯಿಂದಲೇ ಹೆಜ್ಜೆ ಹಾಕಿಸಿ ಅಳೆಸಿ. ಹತ್ತು ಸಲ ಅಳೆದ ಮೇಲೆ ಅವನು ರಸ್ತೆಯಲ್ಲಿ ಎಷ್ಟು ವೇಗವಾಗಿ ಹೋಗಬೇಕೆಂದು ನೀವು ಹೇಳಬೇಕಾಗಿಲ್ಲ.

ಇವತ್ತು ರಾತ್ರಿ ಮಲಗುವ ಮುಂಚೆ, ಟಾರ್ಚ್ ಹಿಡಿದು ನಿಮ್ಮ ಟ್ರೇಲರಿನ ಹತ್ತಿರ ಹೋಗಿ, ಪಿನ್ನಿನ ತಳದಲ್ಲಿ ಕ್ಲಿಪ್ಪು ಇದೆಯೇ ನೋಡಿ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಒಂದು ತನ್ನಿ, ಅಲ್ಲಿಯವರೆಗೆ ಟ್ರೇಲರನ್ನು ಕಟ್ಟಬೇಡಿ.